ಹುಣ್ಣಿಮೆಗೆ ಮೊದಲಿನ ಮಾತು

ನಮ್ಮ ಅಕ್ಕ ಕಾವೇರಿ ಟಿವಿಯಲ್ಲಿ ಹಾಡಿದ ದಿನ ಜೋಗುಪಾಳ್ಯದ ನಮ್ಮ ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಅವ್ವ ಮಂಚದ ಮೇಲೆ, ಓನರ್ ಆದಿನಾರಾಯಣ ನಮ್ಮಲ್ಲಿರುವ ಒಂದೇ ಕುರ್ಚಿಯ ಮೇಲೆ, ಉಳಿದ ವಠಾರವೆಲ್ಲ ನೆಲದ ಮೇಲೆ. ಬಾಡಿಗೆ ಕೇಳುವುದನ್ನು ಬಿಟ್ಟರೆ ಬೇರೆ ಯಾವ ಕಾರಣಕ್ಕೂ ನಮ್ಮ ಬಾಗಿಲಿಗೆ ಬಾರದ ಮನುಷ್ಯ ಅವತ್ತು ಇಸ್ತ್ರಿ ಮಾಡಿದ ಪಂಚೆ ಉಟ್ಟುಕೊಂಡು ಬಂದಿದ್ದರು. ಅಕ್ಕ ಮಾತ್ರ ಒಲೆಯ ಮುಂದೆ ನಿಂತು ಎಲ್ಲರಿಗೂ ಚಹಾ ಸೋಸುತ್ತಿದ್ದಳು. ಟಿವಿಯಲ್ಲಿ ಬರುವವಳು ಅವಳು, ಚಹಾ ಮಾಡುವವಳೂ ಅವಳೇ.

ನಾನು ಸುಜಾತಾ, ಇಂದಿರಾನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಬಂದವರಿಗೆಲ್ಲ ನಗುತ್ತಾ ಮಾತಾಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅದಕ್ಕೇ ಮನೆಗೆ ಬಂದ ಮೇಲೆ ಪುಕ್ಕಟೆ ನಗುವುದಿಲ್ಲ ಎಂದು ಅಕ್ಕ ಛೇಡಿಸುತ್ತಾಳೆ. ಅಕ್ಕನ ಗಂಡ ಕೆ.ಆರ್. ಪುರದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಲಿಫ್ಟ್ ಗುಂಡಿಗೆ ಬಿದ್ದು ಸತ್ತ. ಅವತ್ತಿನಿಂದ ಅಕ್ಕ ಶಿವಾಜಿನಗರದಲ್ಲಿ ವಾಜಿದಾ ಆಪಾ ಅವರ ಟೈಲರಿಂಗ್ ಅಂಗಡಿಯಲ್ಲಿ ಹೆಮ್ಮಿಂಗ್ ಮಾಡುತ್ತಾಳೆ, ಬ್ಲೌಸಿಗೆ ಹುಕ್ಕು ಹಾಕುತ್ತಾಳೆ. ಕೈ ಆಡುತ್ತಿದ್ದರೆ ಅವಳ ಬಾಯಿ ಸುಮ್ಮನಿರುವುದಿಲ್ಲ, ಬೀಸುವಾಗ ಹಾಡುವ ಪದಗಳನ್ನು ಹೇಳಿಕೊಳ್ಳುತ್ತಾಳೆ. ಆಪಾನ ಮಗ ಜೀಶಾನ್ ಒಂದು ಚಾನೆಲ್ಲಿನಲ್ಲಿ ಸೌಂಡ್ ಎಡಿಟರ್. ಅವನೇ ಒಂದು ದಿನ ಫೋನಿನಲ್ಲಿ ಅವಳ ದನಿ ರೆಕಾರ್ಡ್ ಮಾಡಿ ಜಾನಪದ ಹಾಡಿನ ಶೋಗೆ ಕಳಿಸಿದ್ದ. ಒಂದು ವಾರದಲ್ಲಿ ಕರೆ ಬಂತು.

ಅಲ್ಲಿ ಯಾವ ಹಾಡು ಹಾಡಬೇಕು ಎಂಬುದಕ್ಕೆ ಅಕ್ಕ ಎರಡು ಸಲ ಯೋಚಿಸಲಿಲ್ಲ. ಅವ್ವ ಕಟ್ಟಿದ ಹಾಡು ಎಂದಳು. ನಮ್ಮ ಅವ್ವ ಬಾಲಮ್ಮ ಎಂದರೆ ಯಾದಗಿರಿ ಕಡೆಯ ನಾಲ್ಕಾರು ಹಳ್ಳಿಗಳಲ್ಲಿ ಹಾಡಿಕೆಗೆ ಹೆಸರಾದವಳು. ಬೆಂಗಳೂರಿಗೆ ಬಂದ ಮೇಲೆ ಅವಳ ಹಾಡು ಕೇಳಿದವರು ನಾವಿಬ್ಬರು ಮತ್ತು ಗೋಡೆಯಾಚೆಯ ಬಚ್ಚಲು. ಅವ್ವನ ಹಾಡನ್ನು ಒಮ್ಮೆ ಊರೆಲ್ಲ ಕೇಳಬೇಕು, ಅವ್ವ ಅದನ್ನು ಕೂತು ಕೇಳಬೇಕು. ಅಕ್ಕನಿಗಿದ್ದ ಆಸೆ ಅದೊಂದೇ.

ಹಾಡಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕಡೆ ಚಳಿಗಾಲದ ಒಂದು ಹುಣ್ಣಿಮೆಗೆ ರಂಡಿ ಹುಣ್ಣಿಮೆ ಎನ್ನುತ್ತಾರೆ. ಅಂದು ಎಲ್ಲಮ್ಮ ತಾಯಿ ಗಂಡನನ್ನು ಕಳೆದುಕೊಂಡು ಬಳೆ ಒಡೆದುಕೊಳ್ಳುತ್ತಾಳೆ. ರಂಡಿ ಎಂದರೆ ಗಂಡ ಸತ್ತವಳು. ಸಿಟ್ಟು ಬಂದಾಗ ಅದನ್ನೇ ಬೈಗುಳವಾಗಿಯೂ ಬಳಸುತ್ತಾರೆ, ಇಲ್ಲ ಎನ್ನುವುದಿಲ್ಲ. ಬೈಯುವವರಿಗೆ ಹೆಂಗಸರ ಕಷ್ಟವೇ ಬೇಕು. ಆದರೆ ಹುಣ್ಣಿಮೆಯ ಹೆಸರಿನಲ್ಲಿ ಅದು ಬೈಗುಳವಲ್ಲ, ದೇವಿಗೆ ಬಂದ ಸ್ಥಿತಿ. ಮುಂದೆ ಮುತ್ತೈದೆ ಹುಣ್ಣಿಮೆ ಬರುತ್ತದೆ, ತಾಯಿಯ ಗಂಡ ಮತ್ತೆ ಬದುಕುತ್ತಾನೆ, ಅವಳು ಹೊಸ ಬಳೆ ತೊಡುತ್ತಾಳೆ. ನಮ್ಮಪ್ಪ ಬಸಣ್ಣ ಸತ್ತ ವರ್ಷ ಅವ್ವ ಆ ಹುಣ್ಣಿಮೆಯ ದಿನ ದೇವಿಯ ಮುಂದೆ ಕೂತು ಈ ಹಾಡು ಹಾಡಿದಳಂತೆ:

ರಂಡಿ ಹುಣ್ಣಿಮಿ ನಿನಗ ನಾಕು ದಿನದ್ದ ತಾಯಿ
ಒಡದ ಬಳಿ ಮತ್ತ ಇಟಗೊಂಡಿ
ರಂಡಿ ಹುಣ್ಣಿಮಿ ನನಗ ಕೊನಿತನಕ ಬಂದದ
ಮುತ್ತೈದಿ ಹುಣ್ಣಿಮಿ ಎಲ್ಲಿಟ್ಟಿ?

ಇಂಥ ನುಡಿ ಇನ್ನೂ ಹಲವು ಇವೆ. ಪ್ರತಿಯೊಂದೂ ಆ ಮಾತಿನಿಂದಲೇ ಶುರುವಾಗುತ್ತದೆ. ಆ ಮಾತು ತೆಗೆದರೆ ಹಾಡಿನಲ್ಲಿ ಏನೂ ಉಳಿಯುವುದಿಲ್ಲ.

ಟಿವಿಯಲ್ಲಿ ಅಕ್ಕ ಬಂದಳು. ಯಾರೋ ಉಡಿಸಿದ ಇಳಕಲ್ ಸೀರೆ, ಮುಖದ ತುಂಬ ಪೌಡರ್. ವಠಾರ ಚಪ್ಪಾಳೆ ತಟ್ಟಿತು. ಅವಳು ಕಣ್ಣು ಮುಚ್ಚಿ ಬಾಯಿ ತೆರೆದಳು. ಕೇಳಿಸಿದ್ದು 'ಊಂ' ಎಂಬ ಒಂದು ಉದ್ದನೆಯ ಸದ್ದು. ಆಮೇಲೆ 'ಹುಣ್ಣಿಮಿ ನಿನಗ' ಎಂದು ಬಂತು. ಆ ಸದ್ದು ಬಂದಾಗಲೆಲ್ಲ ಅವಳ ತುಟಿಗಳ ಮೇಲೆ ಚೌಕ ಚೌಕದ ಮಸುಕು ಬೇರೆ. ಹಾಡು ಮುಗಿಯುವವರೆಗೂ ಹೀಗೇ ಆಯಿತು. ಮೊದಲು ಯಾರೋ ಹುಡುಗಿ ಕಿಸಕ್ಕನೆ ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ನಗುವುದು ತಪ್ಪು ಎಂದೂ ಹೇಳಲಾರೆ. ಆ ಸದ್ದು ಬಂದರೆ ಕೆಟ್ಟ ಮಾತು ಎಂದು ಟಿವಿಯೇ ಅಲ್ಲವೇ ನಮಗೆಲ್ಲ ಕಲಿಸಿರುವುದು?

ಅವ್ವನಿಗೆ ತಿಳಿಯಲಿಲ್ಲ. ಟಿವಿ ಕೆಟ್ಟಿದೆ, ಒಂದು ಏಟು ಹಾಕು ಎಂದು ನನಗೆ ಹೇಳಿದಳು. ಆದಿನಾರಾಯಣ ಅಕ್ಕನ ಕಡೆ ತಿರುಗಿ ಅಂಥಾದ್ದೇನಮ್ಮ ಅಂದದ್ದು ಎಂದು ಕೇಳಿದರು. ಅಕ್ಕ ಹಬ್ಬದ ಹೆಸರು ಹೇಳಿದಂತೆಯೇ ಹೇಳಿದಳು, ಅದು ಹಬ್ಬದ ಹೆಸರೇ. ಅವರು ಎರಡೂ ಕಿವಿ ಮುಚ್ಚಿಕೊಂಡು, ಸಂಸಾರಸ್ಥರು ಇರುವ ವಠಾರ ಇದು ಎಂದು ಗೊಣಗುತ್ತಾ, ಅರ್ಧ ಕುಡಿದ ಚಹಾದ ಲೋಟ ಕೆಳಗಿಟ್ಟು ಎದ್ದು ಹೋದರು. ಉಳಿದವರೂ ಒಬ್ಬೊಬ್ಬರೇ ಎದ್ದರು.

ಎಲ್ಲರೂ ಹೋದ ಮೇಲೆ ಅವ್ವನಿಗೆ ನಾನೇ ಹೇಳಬೇಕಾಯಿತು. ಟಿವಿ ಸರಿಯಾಗಿದೆ, ಬೇಕೆಂದೇ ಆ ಮಾತು ತೆಗೆದಿದ್ದಾರೆ, ಈ ಊರಿನಲ್ಲಿ ಅದಕ್ಕೆ ಸೂಳೆ ಎಂಬ ಅರ್ಥ ಎಂದೆ. ಅವ್ವ ತನ್ನ ಬೋಳು ಕೈಗಳನ್ನು ನೋಡಿಕೊಂಡಳು.

"ಹಂಗಾದ್ರ ಇಷ್ಟು ವರ್ಷ ನಾ ಏನಾಗಿ ಬದಕಿದೆ?" ಎಂದಳು.

ನಾನು ಎದ್ದು ಟಿವಿ ಆರಿಸಿದೆ.

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆವು. ಚಾನೆಲ್ಲಿನವರು ಅದೇ ತುಣುಕನ್ನು ನೆಟ್ಟಿನಲ್ಲಿ ಹಾಕಿದರು, ತಲೆಬರಹಕ್ಕೆ ನಗುವ ಮುಖಗಳ ಸಾಲು ಬೇರೆ. ಅದರ ಕೆಳಗೆ ಜನ ಅಕ್ಕ ಏನು ಅಂದಿರಬಹುದು ಎಂದು ಊಹೆ ಮಾಡತೊಡಗಿದರು. ಒಬ್ಬೊಬ್ಬನೂ ತನ್ನ ತಲೆಯೊಳಗಿನ ಹೊಲಸನ್ನು ತಂದು ಆ ಖಾಲಿ ಜಾಗಕ್ಕೆ ತುಂಬಿದ. ನಾನು ಕ್ಲಿನಿಕ್ಕಿನ ಬಾತ್‌ರೂಮಿನಲ್ಲಿ ನಿಂತು ಅವನ್ನೆಲ್ಲ ಓದಿದೆ. ಇಬ್ಬರಿಗೆ ಉತ್ತರ ಬರೆದೆ, ಮೂರನೆಯವನು ನನ್ನನ್ನೂ ಸೇರಿಸಿ ಬೈದ. ಯಾರೋ ಆ ಸದ್ದಿಗೆ ಡೋಲು ಬಾರಿಸಿ ಡಾನ್ಸ್ ಹಾಡು ಮಾಡಿದರು. ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ಮರ್ಫಿ ಟೌನಿನ ಹುಡುಗರು ಅದನ್ನೇ ಹಾಕಿಸಿ ಕುಣಿದರು. ನಮ್ಮವ್ವ ಗಂಡ ಸತ್ತ ದುಃಖದಲ್ಲಿ ಕಟ್ಟಿದ ಹಾಡಿಗೆ ಶಿಳ್ಳೆ ಹೊಡೆದರು.

ಬೀದಿಯ ಮಕ್ಕಳು ಅಕ್ಕನಿಗೆ ಊಂ ಆಂಟಿ ಎಂದು ಹೆಸರಿಟ್ಟವು. ಅದನ್ನು ಅವಳು ನಕ್ಕು ತಳ್ಳಿಹಾಕಿದಳು. ಮಕ್ಕಳು, ಅವುಗಳಿಗೇನು ಗೊತ್ತು ಎಂದಳು. ಆದರೆ ಒಂದು ಸಂಜೆ ಕೆಲಸದಿಂದ ಬರುವಾಗ, ಚಹಾದಂಗಡಿಯ ಮುಂದೆ ಬೈಕಿಗೆ ಒರಗಿ ನಿಂತಿದ್ದ ಒಬ್ಬ ಹುಡುಗ ಅವಳ ಮುಖ ನೋಡಿ ಆ ಮಾತನ್ನು ಅಂದ. ಸದ್ದಲ್ಲ, ಮಾತನ್ನೇ. ಏ ರಂಡಿ, ಒಂದ್ ಹಾಡ್ ಹಾಡೇ ಎಂದನಂತೆ. ಜೊತೆಯವರು ನಕ್ಕರಂತೆ. ಅಕ್ಕ ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಗೋಡೆಗೆ ಒರಗಿ ಕೂತಳು. ಚಪ್ಪಲಿಯಿಂದಲೇ ಬಾರಿಸಿ ಬರುತ್ತೇನೆ ಎಂದು ನಾನು ಎದ್ದೆ, ಅವಳು ನನ್ನ ದುಪಟ್ಟಾ ಹಿಡಿದು ಕೂರಿಸಿದಳು. ಅವತ್ತಿನಿಂದ ಅವಳು ಸುತ್ತು ಹಾಕಿ ಬೇರೆ ದಾರಿಯಲ್ಲಿ ಬಸ್ಸಿಗೆ ಹೋಗತೊಡಗಿದಳು. ಅಂಗಡಿಯಲ್ಲಿ ಹಾಡುವುದನ್ನೂ ಬಿಟ್ಟಳು.

ಜೀಶಾನ್‌ನ ಮೇಲೆ ಜಗಳಕ್ಕೆ ಹೋದವಳು ನಾನು. ಶಿವಾಜಿನಗರದ ಆ ಅಂಗಡಿಯಲ್ಲಿ ಮೂರು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಮೇಲೆ ನೇತಾಡುವ ಬುರ್ಖಾಗಳು. ನಿಮ್ಮ ಚಾನೆಲ್ಲಿನಲ್ಲಿ ಈ ಕತ್ತರಿ ಕೆಲಸ ಮಾಡಿದ ಮಹಾಶಯ ಯಾರು, ಅವನ ಹೆಸರು ಹೇಳು ಎಂದೆ. ಅವನು ಬಿಳಿಚಿಕೊಂಡ.

"ನಾನೇ ಮಾಡಿದ್ದು. ನಮ್ಮನೇಲಿ ಆ ಮಾತಿಗಿಂತ ದೊಡ್ಡ ಗಾಲಿ ಇಲ್ಲ ಅಕ್ಕ," ಎಂದ. "ಫೈಲ್ ಓಪನ್ ಮಾಡಿದ್ ತಕ್ಷಣ ಅದೇ ಕೇಳಿಸ್ತು. ಕಾವೇರಕ್ಕನ ಇಜ್ಜತ್ ಹೋಗುತ್ತೆ ಅಂತ ಕಟ್ ಮಾಡ್ದೆ."

ಗಾಲಿ ಎಂದರೆ ಅವರ ಮಾತಿನಲ್ಲಿ ಬೈಗುಳ, ಇಜ್ಜತ್ ಎಂದರೆ ಮಾನ. ಶೂಟಿಂಗಿನ ದಿನ ಅವನು ಅಲ್ಲಿ ಇರಲಿಲ್ಲ, ಈ ಹಾಡನ್ನು ಅಕ್ಕ ಅಂಗಡಿಯಲ್ಲಿ ಎಂದೂ ಹಾಡಿರಲಿಲ್ಲ. ಹುಣ್ಣಿಮೆಯ ಹಾಡನ್ನು ಬೇರೆ ದಿನ ನಾವು ಹಾಡುವುದಿಲ್ಲ, ಟಿವಿಗೆಂದು ಒಂದು ಸಲ ಮಾತ್ರ ಅವ್ವ ಒಪ್ಪಿದ್ದಳು. ಹಾಡಿನ ಉಳಿದ ಮಾತು ಅವನಿಗೆ ಅರ್ಧ ತಿಳಿದಿತ್ತು, ಅರ್ಧ ತಿಳಿದಿರಲಿಲ್ಲ. ಹಳ್ಳಿಯ ಹೆಂಗಸರು ದೇವಿಯ ಜೊತೆ ಜಗಳವಾಡುತ್ತಾ ಬೈಯುತ್ತಾರೇನೋ ಎಂದುಕೊಂಡನಂತೆ. ಮೇಲಿನವರೂ ಕೇಳಿ ಒಳ್ಳೆಯ ಕೆಲಸ ಮಾಡಿದೆ ಎಂದರಂತೆ.  ದುಷ್ಟನೊಬ್ಬ ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು.

ವಾಜಿದಾ ಆಪಾ ಹಾಡಿನ ಅರ್ಥ ಕೇಳಿದಳು. ಅಕ್ಕ ತಲೆ ಎತ್ತದೆ, ಹುಕ್ಕು ಹೊಲಿಯುತ್ತಲೇ ಹೇಳಿದಳು. ಆಪಾ ಕೂಡ ಗಂಡನನ್ನು ಕಳೆದುಕೊಂಡವಳೇ. ಮಿಷನ್ನು ನಿಲ್ಲಿಸಿದಳು. ಆಮೇಲೆ ಕೈಯಲ್ಲಿದ್ದ ಅಳತೆ ಟೇಪಿನಿಂದ ಮಗನ ಬೆನ್ನಿಗೆ ಒಂದು ಬಿಟ್ಟು, ಅದನ್ನು ಸರಿಮಾಡಿಕೊಂಡು ಬಾ ಎಂದು ದಕ್ಕನಿಯಲ್ಲಿ ಗದರಿದಳು.

ಜೀಶಾನ್ ಚಾನೆಲ್ಲಿನವರೊಂದಿಗೆ ಮಾತಾಡಿದ. ಅವರು ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ. ಪಂಚಾಂಗದಲ್ಲಿ ಅದೇ ದಿನಕ್ಕೆ ಹೊಸ್ತಿಲ ಹುಣ್ಣಿಮೆ ಎಂಬ ಮರ್ಯಾದಸ್ಥ ಹೆಸರಿದೆ, ಅದನ್ನು ಹಾಕಿ ಹಾಡಿದರೆ ವಿಶೇಷ ಕಾರ್ಯಕ್ರಮದಲ್ಲಿ ಮತ್ತೆ ತೋರಿಸುತ್ತೇವೆ ಎಂದರು. ಅಕ್ಕ ಇಡೀ ಹಾಡನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದಳು.

"ಹೊಸ್ತಿಲ ಹುಣ್ಣಿಮಿ ನನಗ ಕೊನಿತನಕ ಬಂದದ ಅಂದ್ರ ಯಾರರ ಯಾಕ ಅಳತಾರ?" ಎಂದಳು. ಚಾನೆಲ್ಲಿನವರಿಗೆ ಬೇಡ ಎಂದು ಹೇಳಿಕಳಿಸಿದಳು.

ಆ ತಿಂಗಳ ಕೊನೆಗೆ ಅವ್ವನಿಗೆ ಪಾರ್ಶ್ವವಾಯು ಹೊಡೆಯಿತು. ಟಿವಿಯಿಂದಲೇ ಆಯಿತು ಎನ್ನುವಷ್ಟು ದಡ್ಡಿ ನಾನಲ್ಲ. ಬಿಪಿ ಮಾತ್ರೆ ಕಹಿ ಎಂದು ದಿಂಬಿನ ಕೆಳಗೆ ಬಚ್ಚಿಡುತ್ತಿದ್ದವಳು ಅವಳು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ನಿಂತಿತ್ತು. ತಿಳಿವಳಿಕೆ ಮಾತ್ರ ನೆಟ್ಟಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ನಾನು ಸಿಡುಕಿದರೆ ಎಡಗಣ್ಣಿನಲ್ಲೇ ಗದರುತ್ತಿದ್ದಳು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಂದು ಸಲ ಬಂದರೆ ಕಷ್ಟ, ಯಾವಾಗ ಬರುತ್ತದೆ ಎಂದು ಹೇಳಲಾಗದು ಎಂದರು.

ಅವ್ವ ಎಡಗೈಯಿಂದ ಟಿವಿ ತೋರಿಸುತ್ತಿದ್ದಳು, ಆಮೇಲೆ ಅಕ್ಕನನ್ನು ತೋರಿಸುತ್ತಿದ್ದಳು, ಆಮೇಲೆ ತನ್ನ ಕಿವಿ ಮುಟ್ಟಿಕೊಳ್ಳುತ್ತಿದ್ದಳು. ಹೊಟ್ಟೆ ಹಸಿವಿಗೆ, ಬಾಯಾರಿಕೆಗೆ ಬೇರೆ ಸನ್ನೆಗಳಿದ್ದವು. ಇದು ಹಾಡಿನ ಸನ್ನೆ. ತನ್ನ ಹಾಡನ್ನು ಮಗಳ ದನಿಯಲ್ಲಿ ಒಮ್ಮೆ ಪೂರ್ತಿಯಾಗಿ ಕೇಳಬೇಕು, ನಡುವೆ ಏನೂ ಬಿಟ್ಟುಹೋಗಬಾರದು. ದಿನಕ್ಕೆ ಹತ್ತಾರು ಸಲ ಕೇಳುತ್ತಿದ್ದಳು.

ಕತ್ತರಿಸುವ ಮುಂಚಿನ ರೆಕಾರ್ಡಿಂಗ್ ತಂದುಕೊಡುತ್ತೇನೆ ಎಂದು ಜೀಶಾನ್ ಹೇಳಿದ್ದ. ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತ. ಮುಂದಿನ ಕಂತುಗಳಿಗೆ ಜಾಗ ಮಾಡಲು ಹಳೆಯದನ್ನೆಲ್ಲ ಅಳಿಸಿಬಿಟ್ಟಿದ್ದಾರೆ, ಊಂ ಎನ್ನುವುದು ಮಾತ್ರ ಉಳಿದಿದೆ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಒಳಗೆ ಕರೆದು ಕುಡಿಯಲು ನೀರು ಕೊಟ್ಟೆ.

ಇನ್ನು ಉಳಿದದ್ದು ಒಂದೇ ದಾರಿ, ಅಕ್ಕ ಅವ್ವನ ಮುಂದೆ ಕೂತು ಹಾಡುವುದು. ರಂಡಿ ಹುಣ್ಣಿಮೆ ಹತ್ತಿರದಲ್ಲೇ ಇತ್ತು. ಅವತ್ತು ಹಾಡುತ್ತೇನೆ ಎಂದು ಅಕ್ಕ ಅವ್ವನ ಕೈ ಹಿಡಿದು ಮಾತು ಕೊಟ್ಟಳು. ಕೊಟ್ಟಮೇಲೆ ಶುರುವಾಯಿತು ಅವಳ ಸಂಕಟ. ಪಾತ್ರೆ ತೊಳೆಯುವಾಗ, ಅವ್ವನಿಗೆ ಸೀರೆ ಬದಲಿಸುವಾಗ ಹಾಡಿನ ಮೊದಲಿಗೆ ಉಸಿರೆಳೆದುಕೊಳ್ಳುತ್ತಿದ್ದಳು, ಅಲ್ಲೇ ನಿಲ್ಲುತ್ತಿದ್ದಳು. ನಾನು ಎಷ್ಟೋ ಸಲ ನೋಡಿದೆ. 

"ಬಾಯಿಗೆ ಬರವಲ್ದು ಸುಜಿ," ಎಂದಳು ಕೊನೆಗೆ. "ಅನ್ನಾಕ ಹೋದ್ರ ಆ ಬೈಕಿನ ಹುಡುಗನ ದನಿನೇ ಕೇಳ್ತದ. ಅವ್ವನ ಹಾಡಿನ್ಯಾಗ ಅವನ ದನಿ ಹೆಂಗ ತರ್ಲಿ?"

ಆ ಒಂದು ಮಾತನ್ನು ನಾನು ಹೇಳುತ್ತೇನೆ, ಉಳಿದದ್ದನ್ನು ನೀನು ಹಾಡು ಎಂದೆ. ನನ್ನ ದನಿಗೆ ಬೀದಿನಾಯಿ ಕೂಡ ತಿರುಗಿ ನೋಡುವುದಿಲ್ಲ, ಆದರೂ ಎಂದೆ. ಅಕ್ಕ ನನ್ನ ತಲೆ ಸವರಿ, ಅದು ನಿನಗೆ ಬೇಡ, ಬಾಯಲ್ಲೂ ಬೇಡ ಎಂದಳು. ಮದುವೆಯಾಗದ ತಂಗಿಯ ಬಾಯಿಂದ ಆ ಮಾತು ಬಂದರೆ ಎಲ್ಲಿ ಅದು ನಿಜವಾಗುತ್ತದೋ ಎಂಬ ಹೆದರಿಕೆ ಅವಳಿಗೆ. ಹಾಗಾದರೆ ಮಾತಿಗೆ ಅಷ್ಟು ಶಕ್ತಿ ಇದೆ ಎಂದು ಅವಳಿಗೂ ಅನ್ನಿಸಿತ್ತು, ಜೀಶಾನ್‌ಗೂ ಅನ್ನಿಸಿತ್ತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಆಮೇಲೆ ಅಳು ಬಂತು.

ಹುಣ್ಣಿಮೆಯ ಸಂಜೆ ಹೊತ್ತು ಮುಳುಗುವ ಮುಂಚೆಯೇ ಅಕ್ಕ ಕೋಣೆ ಸಾರಿಸಿ, ಎಲ್ಲಮ್ಮನ ಪಟಕ್ಕೆ ಬೇವಿನ ಸೊಪ್ಪು ಇಟ್ಟಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ದೇವಿಯ ಎಡೆಗೆ ಬುಟ್ಟಿ ತುಂಬಿದಳು. ವಠಾರದವರು ಯಾರೂ ಬರಲಿಲ್ಲ, ನಾವೂ ಕರೆಯಲಿಲ್ಲ. ವಾಜಿದಾ ಆಪಾ ಬಾಳೆಹಣ್ಣು ಹಿಡಿದು ಬಂದು ಬಾಗಿಲ ಬಳಿ ಗೋಡೆಗೆ ಒರಗಿ ಕೂತಳು. ಜೀಶಾನ್ ಆಫೀಸಿನಿಂದ ಒಳ್ಳೆಯ ಮೈಕು ತಂದಿದ್ದ. ಅಕ್ಕನಿಗೆ ತೋರಿಸಿ, ಈ ಸಲ ಏನೂ ಕಟ್ ಮಾಡುವುದಿಲ್ಲ ಎಂದು ತಾಯಿಯ ಮೇಲೆ ಆಣೆ ಮಾಡಿದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂತ. ನಾನು ಅವ್ವನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದೆ. ಅವ್ವ ನಮ್ಮೆಲ್ಲರ ಮುಖವನ್ನೂ ನೋಡಿದಳು, ಅವಳ ಮುಖದ ಸರಿಯಿರುವ ಅರ್ಧ ನಗುತ್ತಿತ್ತು.

ಅಕ್ಕ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ತುಟಿ ತೆರೆದವು. ಮಾತು ಬರಲಿಲ್ಲ. ನಾನು ಮನಸ್ಸಿನಲ್ಲೇ ದೇವಿಗೆ ಕೈಮುಗಿದೆ, ಒಂದು ಸಲ, ಒಂದೇ ಸಲ ಎಂದು ಬೇಡಿಕೊಂಡೆ. ಅಕ್ಕನ ಕಣ್ಣಿನಿಂದ ನೀರು ಇಳಿಯಿತು. ಕೊನೆಗೆ ಆ ಮಾತು ಇರಬೇಕಾದಷ್ಟು ಜಾಗ ಬಿಟ್ಟು, 'ಹುಣ್ಣಿಮಿ ನಿನಗ' ಎಂದು ಎತ್ತಿಕೊಂಡಳು. ದನಿ ಚೆನ್ನಾಗಿತ್ತು, ಟಿವಿಯಲ್ಲಿ ಬಂದದ್ದಕ್ಕಿಂತ ಚೆನ್ನಾಗಿತ್ತು. ಅವ್ವ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು. ಬಿಟ್ಟುಹೋದದ್ದು ಅವಳಿಗೆ ತಿಳಿಯಿತು. ಮಗಳಿಗೆ ಹಾಡು ಮರೆತಿದೆ ಎಂದುಕೊಂಡಳೋ, ಅಥವಾ ಎಲ್ಲ ಅರ್ಥವಾಯಿತೋ, ನನಗೆ ಗೊತ್ತಿಲ್ಲ.

ಎರಡನೆಯ ಸಲ ಆ ಜಾಗ ಬಂದಾಗ, ಅಕ್ಕ ಉಸಿರು ಹಿಡಿದು ಸುಮ್ಮನಾದಾಗ, ಅವ್ವ ದಿಂಬಿನಿಂದ ಮುಂದಕ್ಕೆ ಬಾಗಿದಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಮಾತೂ ಆಡಲು ಹೋಗದವಳು, ತನ್ನ ಹಾಡಿನ ಮಾತನ್ನು ತಾನೇ ಹೇಳಲು ಬಾಯಿ ತೆರೆದಳು.

"ಊಂ..." ಎಂಬ ಸದ್ದು ಬಂತು.

ಅಕ್ಕ ಕಣ್ಣು ತೆರೆದಳು. ಬಾಗಿಲ ಬಳಿ ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ತಾನು ಹೇಳಬೇಕಾದದ್ದನ್ನು ಸರಿಯಾಗಿಯೇ ಹೇಳಿದೆ ಎಂದು ಅವಳ ಮುಖದ ಮೇಲೆ ಸ್ಪಷ್ಟವಾಗಿತ್ತು. ಡಾಕ್ಟರು ನನಗೆ ಇದನ್ನು ಹೇಳಿದ್ದರು, ಬಾಯಿಂದ ಬರುವುದು ಬೇರೆ, ಅವರ ಕಿವಿಗೆ ಕೇಳುವುದು ಬೇರೆ ಇರಬಹುದು ಎಂದು. ಅವ್ವ ಎಡಗೈ ಆಡಿಸಿ, ಮುಂದಿನದು ಹಾಡು ಎಂದು ಸನ್ನೆ ಮಾಡಿದಳು, ಚಿಕ್ಕವರಿದ್ದಾಗ ನಮಗೆ ಹಾಡು ಕಲಿಸುವಾಗ ಮಾಡುತ್ತಿದ್ದಂತೆ.

ಅಕ್ಕ ಹಾಡಿದಳು. ಪ್ರತಿ ಸಲವೂ ಆ ಜಾಗ ಬಂದಾಗ ಅವಳು ನಿಲ್ಲುತ್ತಿದ್ದಳು, ಅವ್ವ ಊಂ ಎನ್ನುತ್ತಿದ್ದಳು. ಇಬ್ಬರೂ ಸೇರಿ ಕೊನೆಯ ನುಡಿಯವರೆಗೂ ಹಾಡಿ ಮುಗಿಸಿದರು. ಜೀಶಾನ್ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಕೊಟ್ಟ ಮಾತಿನಂತೆ ಅದರಲ್ಲಿ ಅವನು ಏನನ್ನೂ ಕಟ್ ಮಾಡಲಿಲ್ಲ. ಆದರೆ ಇದನ್ನು ಯಾರಿಗೆ ಕೇಳಿಸಿದರೂ, ಇಲ್ಲೂ ಮಾತು ತೆಗೆದಿದ್ದಾರೆ ಎಂದೇ ಅನ್ನುತ್ತಾರೆ.

ಅವ್ವನಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ಹಾಡು ಪೂರ್ತಿಯಾಗಿತ್ತು. ಎಡಗೈಯಿಂದ ಅಕ್ಕನ ಗಲ್ಲ ಹಿಡಿದು ಅಲ್ಲಾಡಿಸಿದಳು, ತನ್ನ ಕಿವಿ ಮುಟ್ಟಿಕೊಂಡಳು, ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೊಂದು ಸಲ ಎಂದು ಕೇಳುತ್ತಿದ್ದಳು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊದಲಿಂದ ಶುರುಮಾಡಿದಳು.